ಸಮತಟ್ಟು

ಇಪ್ಪತ್ತಾರು ವರ್ಷ ಈ ದಾರಿಯಲ್ಲಿ ಬ್ರೆಡ್ಡು ಹಂಚಿದವಳು ನಾನು,
ಬಿಳಿ ವ್ಯಾನಿನಲ್ಲಿ, ಹೊಟ್ಟೆಯ ನೀರು ಅಲುಗದ ಹಾಗೆ ಕೂತು.
ಗೇಟಿನ ಮೊಳೆಗೆ ಬಟ್ಟೆಚೀಲ, ಚೀಲಕ್ಕೊಂದು ಬ್ರೆಡ್ಡು,
ಎರಡು ಸಲ ಹಾರ್ನು,
ನಾಯಿ ಬೊಗಳುವ ಮೊದಲೇ ಮುಂದಿನ ತಿರುವು.

ಗಲೀಶಿಯಾದ ಈ ಅಂಚಿನಲ್ಲಿ
ನೆಲ ಕಡಲಿಗೆ ಇಳಿಯುವುದಿಲ್ಲ, ಬೀಳುತ್ತದೆ.
ಬಿದ್ದಲ್ಲಿಂದ ಎದ್ದು ಇನ್ನೊಂದು ಕಡೆ ಬೀಳುತ್ತದೆ.
ರಸ್ತೆಗೂ ಅದೇ ಚಾಳಿ.

ಆಮೇಲೆ ಮೇಲುಗಡೆ ಹೆದ್ದಾರಿ ಬಂತು,
ಕಂಬಗಳ ಮೇಲೆ ನಿಂತು ಕಣಿವೆ ದಾಟಿತು.
ಲಾರಿ ಹೋಯಿತು, ಬಸ್ಸು ಹೋಯಿತು,
ಹೋದ ವರ್ಷ ಬೇಕರಿ.
ನನಗುಳಿದದ್ದು ಎಡಮಂಡಿಯ ನೋವು,
ಮಂಡಿಗೆ ಡಾಕ್ಟರು ಬರೆದುಕೊಟ್ಟ ಸೈಕಲ್ಲು.
ಬಂಡೆಚಿಪ್ಪು ಕೀಳುವ ಅಮಾರೊ ತನ್ನ ಹಳೆಯ ರೇಸಿನ ಗಾಡಿ ಕೊಟ್ಟ,
ಟಗರುಕೊಂಬಿನ ಹ್ಯಾಂಡಲಿನದು.
ಅರವತ್ತು ಯೂರೊ.
‘ಬ್ರೇಕು ನಂಬಬೇಡ,’ ಅಂದ, ದುಡ್ಡು ಎಣಿಸಿಕೊಂಡ ಮೇಲೆ.

ಸಾನ್ ಮಮೆದೆಯ ಬಟ್ಟೆ ಒಗೆಯುವ ಕಲ್ಲಿನಿಂದ
ತೊಶಾಲಿನ ಮೊದಲ ಕಣಜದವರೆಗೆ ಮೂರು ಕಿಲೋಮೀಟರು.
ಯಾರು ಕೇಳಿದರೂ ಹೇಳುತ್ತಿದ್ದೆ: ಅದೊಂದೇ ಸಮತಟ್ಟು.
ನಾಲ್ಕನೇ ಗೇರಿಗೆ ಹಾಕಿ ಸೇಬು ತಿನ್ನುತ್ತಿದ್ದ ಜಾಗ.
ತೊಶಾಲಿನ ಒಬ್ದೂಲಿಯಾ ಮಾತ್ರ ಅದನ್ನು ‘ಏರು’ ಅನ್ನುತ್ತಿದ್ದಳು.
ಹುಡುಗಿಯಾಗಿದ್ದಾಗ ಹಾಲಿನ ಕ್ಯಾನು ತಲೆಯ ಮೇಲಿಟ್ಟು
ಕೊಟ್ಟು ಬರುತ್ತಿದ್ದಳಂತೆ, ತುಂಬಿಸಿಯೋ ಖಾಲಿಯೋ, ನೆನಪಿಲ್ಲ;
ನಾನು ಪೂರ್ತಿ ಕೇಳಿಸಿಕೊಂಡಿರಲಿಲ್ಲ.
‘ಎಲ್ಲಿದೆ ಅಜ್ಜಿ ಏರು?’ ಅಂದು ನಕ್ಕು ಗೇರು ಬದಲಿಸಿದ್ದೆ.

ಇವತ್ತು ಬೆಳಿಗ್ಗೆ ಮಂಜು. ದೀಪಸ್ತಂಭದ ಕೊಂಬು
ಹೊಟ್ಟೆನೋವಿನ ಹಸುವಿನಂತೆ ದೂರದಲ್ಲಿ.
ಸರಪಳಿಯ ಸದ್ದು, ನನ್ನ ಉಸಿರು, ಮತ್ತೇನಿಲ್ಲ.
ಮೀಸೆ ಹೊತ್ತ ಕಾಡುಕುದುರೆಯೊಂದು ನಡುರಸ್ತೆಯಲ್ಲಿ ನಿಂತು
ಲೈಸೆನ್ಸು ಕೇಳುವವರ ಹಾಗೆ ನೋಡಿತು.
ಒಗೆಯುವ ಕಲ್ಲು ದಾಟಿದೆ. ಸಮತಟ್ಟು ಬಂತು.
ಕಾಲು ಹಗುರಾಗಲಿ ಎಂದು ಕಾದೆ.

ಆಗಲಿಲ್ಲ.
ಒಂದು ಗೇರು ಇಳಿಸಿದೆ. ಇನ್ನೊಂದು.
ನೀಲಗಿರಿ ಮರಗಳು ನೆಟ್ಟಗಿದ್ದವು, ಕಲ್ಲುಗೋಡೆ ನೇರವಾಗಿತ್ತು,
ಕಣ್ಣು ಸಮ ಅಂದಿತು; ತೊಡೆ ಒಪ್ಪಲಿಲ್ಲ.
ಚಕ್ರಕ್ಕೇನೋ ಸಿಕ್ಕಿದೆಯೆಂದು ಇಳಿದು ನೋಡಿದೆ. ಏನಿಲ್ಲ.
ಬಗ್ಗಿದ್ದಾಗ ಕಂಡಿತು:
ರಸ್ತೆಬದಿಯ ಚರಂಡಿಯ ನೀರು
ನನಗೆ ಎದುರಾಗಿ ಹರಿಯುತ್ತಿತ್ತು,
ಅವಸರವಿಲ್ಲದೆ, ಒಂದು ಒಣ ಎಲೆಯನ್ನು ಹೊತ್ತು.
ಇಪ್ಪತ್ತಾರು ವರ್ಷವೂ ಹೀಗೇ ಹರಿದಿರಬೇಕು.

ದೂರದ ಬೆಟ್ಟ ನುಣ್ಣಗೆ, ಸರಿ.
ಸ್ಟೀರಿಂಗಿನ ಹಿಂದೆ ಕೂತರೆ
ಚಕ್ರದ ಕೆಳಗಿನದೂ ದೂರವೇ.

ಒಬ್ದೂಲಿಯಾ ಅಂಗಳದಲ್ಲಿ ಅವರೆ ಬಿಡಿಸುತ್ತಿದ್ದಳು.
ಗೇಟಿನ ಮೊಳೆಗೆ ಅದೇ ನೀಲಿಗೆರೆಯ ಚೀಲ,
ಈಗ ಅದರ ತುಂಬ ಬಟ್ಟೆಯ ಕ್ಲಿಪ್ಪು.
ಸೈಕಲ್ಲನ್ನು ಕಣಜದ ಕಲ್ಲುಕಾಲಿಗೆ ಒರಗಿಸಿ ಹೇಳಿದೆ:
‘ಏರೇ ಅದು.’
‘ಯಾವುದು?’
‘ಆ ಮೂರು ಕಿಲೋಮೀಟರು.’
ತಲೆಯೆತ್ತದೆ ಇನ್ನೊಂದು ಸಿಪ್ಪೆ ಬಿಡಿಸಿದಳು.
‘ತಲೆಮೇಲೆ ಏನೂ ಇಲ್ಲದೆ ಬಂದವಳು ಹೇಳ್ತೀಯ.’

ನೀರು ಕೊಟ್ಟಳು. ಕೂರು ಅನ್ನಲಿಲ್ಲ, ಏಳು ಅನ್ನಲಿಲ್ಲ.
ಹೊರಡುವಾಗ ಒಂದು ಹಿಡಿ ಅವರೆ ಕಾಗದದಲ್ಲಿ ಸುತ್ತಿ
ಜೇಬಿಗೆ ತುರುಕಿದಳು, ಬ್ರೆಡ್ಡಿನ ಬಾಕಿ ಅನ್ನುತ್ತ.
ಬಾಕಿ ಇರಲಿಲ್ಲ.

ವಾಪಸು ಇಳಿಜಾರಲ್ಲವೇ, ಕಾಲು ಬಿಟ್ಟು ಬರಬಹುದೆಂದುಕೊಂಡೆ.
ಅಷ್ಟರಲ್ಲಿ ಮಂಜು ಹರಿದು ಈಶಾನ್ಯದ ಗಾಳಿ ಎದ್ದಿತ್ತು,
ಕಡಲಿನಿಂದ ಸೀದಾ ಎದೆಗೆ.
ಇಳಿಜಾರಿನಲ್ಲೂ ತುಳಿಯುತ್ತಲೇ ಬಂದೆ, ತಲೆ ತಗ್ಗಿಸಿ,
ನೀರಿನ ಜೊತೆಜೊತೆಗೆ, ನೀರಿಗಿಂತ ತುಸು ನಿಧಾನ.
ಇದನ್ನವಳು ಹೇಳಿರಲಿಲ್ಲ.
ಹೇಳಿದ್ದಳೇನೋ,
ಹಾರ್ನು ಒತ್ತುತ್ತಿದ್ದೆ ನಾನು.