ಯಾವ ಘಟ್ಟ ಇಳಿದು ಬಂದೆ?

ನರಿನ್ ಹೊಳೆಯ ಮೇಲ್ದಂಡೆಯ ಹುಲ್ಲುಗಾವಲು ಸಮಿತಿಗೆ
ಒಂದು ವೆಬ್‌ಸೈಟು ಬೇಕಂತೆ, ಮೇ ತಿಂಗಳೊಳಗೆ.
ಯಾರ ಕುರಿ ಎಷ್ಟು, ಬೇಸಿಗೆಗೆ ಯಾವ ಬೆಟ್ಟ ಹತ್ತುತ್ತವೆ,
ಎಲ್ಲ ಈವರೆಗೆ ನೀಲಿ ರಟ್ಟಿನ ಮೂರು ಪುಸ್ತಕಗಳಲ್ಲಿತ್ತು;
ಒಂದರ ಮೇಲೆ ಚಹಾ ಚೆಲ್ಲಿತ್ತು, ಒಂದನ್ನು ಇಲಿ ಓದಿತ್ತು.

"ನುರ್ಜಾತ್, ನೀನು ಬಿಷ್ಕೆಕ್ಕಿನಲ್ಲಿ ಎರಡು ವರ್ಷ ಕಲಿತವಳು," ಎಂದರು.
ನಾನು ಕಲಿತದ್ದು ಲೆಕ್ಕಪತ್ರ. ಹೇಳಲಿಲ್ಲ.

ಸರ್ವರ್ ಇರುವುದು ನೆಲಮಾಳಿಗೆಯಲ್ಲಿ, ಕಲ್ಲಿದ್ದಲ ರಾಶಿಯ ಪಕ್ಕ.
ನಾನು ಮೇಲೆ, ಒಲೆಯ ಪಕ್ಕ.
ನಡುವೆ ಹದಿನಾಲ್ಕು ಮೆಟ್ಟಿಲು, ಒಂದು ಬೂದು ಕೇಬಲ್ಲು.

ಮೊದಲ ರಾತ್ರಿ: ಸಂಪರ್ಕ ನಿರಾಕರಿಸಲಾಗಿದೆ.
ಯಾರು ನಿರಾಕರಿಸಿದ್ದು? ಯಾರೂ ಇರಲಿಲ್ಲ.
ಮಧ್ಯಾಹ್ನ ಕರೆಂಟು ಹೋದಾಗ ಮಲಗಿದ ಡೇಟಾಬೇಸು
ಕರೆಂಟು ಬಂದ ಮೇಲೂ ಎದ್ದಿರಲಿಲ್ಲ.
ಇಳಿದು ಹೋಗಿ ಎಬ್ಬಿಸಿದೆ.
ಇನ್ನು ಮುಂದೆ ತಾನಾಗಿ ಏಳು ಎಂದು ಒಂದು ಸಾಲು ಬರೆದಿಟ್ಟೆ.
ಮೇಲೆ ಬಂದಾಗ ಅಂಗೈ ತುಂಬ ಮಸಿ.

ಎರಡನೆಯ ರಾತ್ರಿ ಯಾರೋ ಇದ್ದರು.
ಇದ್ದು, ಒಲ್ಲೆ ಎಂದರು.
ಹೆಸರು ಸರಿ. ಪಾಸ್‌ವರ್ಡು ಸರಿ; ಅಕ್ಷರಕ್ಷರ ಬೆರಳಿಟ್ಟು ನೋಡಿದೆ,
ಕೊನೆಗೊಂದು ಕಾಣದ ಖಾಲಿ ಜಾಗ ನುಸುಳಿದೆಯೋ ಎಂದೂ ನೋಡಿದೆ.
ನೆಲಮಾಳಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತು ಒತ್ತಿದರೆ
ಬಾ ಎನ್ನುತ್ತದೆ.
ಹದಿನಾಲ್ಕು ಮೆಟ್ಟಿಲು ಹತ್ತಿ ಅದನ್ನೇ ಒತ್ತಿದರೆ
ಯಾರು ನೀನು ಎನ್ನುತ್ತದೆ.
ಹತ್ತಿದೆ, ಇಳಿದೆ. ಹತ್ತಿದೆ.
ಮಂಡಿ ನನ್ನದು, ಅದರದ್ದಲ್ಲವಲ್ಲ.

ಬೆಳಿಗ್ಗೆ ಮೇವಿನ ಚೀಟಿಗೆಂದು ಬಂದ ಬೊರುಬಾಯ್ ತಾತ,
ಹೆಸರಿನಲ್ಲೇ ತೋಳ ಇರುವವನು,
ಟೊಪ್ಪಿಗೆಯ ಹಿಮ ಒಲೆಯ ಮೇಲೆ ಕೊಡವಿ ಕೇಳಿದ:
"ಯಾವ ಘಟ್ಟ ಇಳಿದು ಬಂದೆ ಅಂತ ನೋಡ್ತಿರಬೇಕು ಅದು."
ಒಂದು ವರ್ಷ ಅವನ ಚೀಟಿಯಲ್ಲಿ ಕೆಂಪುಕಲ್ಲಿನ ದಾರಿ ಎಂದಿತ್ತಂತೆ.
ಅಲ್ಲಿ ಹಿಮ ಕುಸಿದು, ಇವನು ಬಳಸುದಾರಿಯಲ್ಲಿ ಕುರಿ ಹೊಡೆದುಕೊಂಡು ಹೋದ.
ಕಾವಲಿಗಿದ್ದವನು ಸ್ವಂತ ತಂಗಿಯ ಮಗ.
"ಮಾವ, ನೀನು ನೀನೇ, ಸುಳ್ಳಲ್ಲ.
ಆದರೆ ಈ ಕಡೆಯಿಂದ ಬಂದ ನೀನು ನನ್ನ ಪಟ್ಟಿಯಲ್ಲಿಲ್ಲ."
ಎರಡು ರಾತ್ರಿ ಗಾಳಿಯಲ್ಲೇ ಮಲಗಿದ್ದಾಯಿತು,
ಮಾವನೂ, ಕುರಿಗಳೂ.

ಅವನು ಹೋದ ಮೇಲೆ ಪಟ್ಟಿ ತೆರೆದೆ.
ನನ್ನ ಹೆಸರಿತ್ತು. ಪಕ್ಕದಲ್ಲಿ:
ಇದೇ ಯಂತ್ರದ ಒಳಗಿಂದ ಬಂದರೆ ಮಾತ್ರ.
ಮೇಲಿನ ಕೋಣೆಗೆಂದು ಇನ್ನೊಬ್ಬ ನನ್ನನ್ನು ಬರೆದೆ,
ಅದೇ ಹೆಸರು, ಬೇರೆ ದಾರಿ.

ಬಿಟ್ಟರು. ಓದಬಹುದು, ಬರೆಯುವಂತಿಲ್ಲ.
ಮದುವೆಮನೆಗೆ ಕರೆದು ಕೂರಿಸಿ
ಊಟದ ವಾಸನೆ ಮಾತ್ರ ಬಡಿಸಿದ ಹಾಗೆ.

ಮೂರನೆಯ ರಾತ್ರಿ, ಎರಡು ಗಂಟೆ, ತಲೆ ಕೆಟ್ಟು,
ಎಲ್ಲರಿಗೂ, ಎಲ್ಲಿಂದ ಬಂದರೂ, ಎಲ್ಲವೂ ಎಂದು ಒತ್ತಿಬಿಟ್ಟೆ.
ನಡೆಯಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.
ಮಲಗಿದೆ. ನಿದ್ದೆ ಹತ್ತಲಿಲ್ಲ.

ಕೊಟ್ಟಿಗೆಯ ಅಗುಳಿ ಹಾಕಿದೆನೋ ಇಲ್ಲವೋ ಎಂದು
ನಮ್ಮಮ್ಮ ನಡುರಾತ್ರಿ ಬೂಟು ಮೆಟ್ಟಿ ಹೋಗುತ್ತಿದ್ದಳು.
ತೋಳ ಒಮ್ಮೆಯೂ ಬಂದಿರಲಿಲ್ಲ.
ನಾನು ನಗುತ್ತಿದ್ದೆ, ಕಂಬಳಿಯೊಳಗಿಂದ.

ಬೂಟು ಮೆಟ್ಟಿ ಕಚೇರಿಗೆ ಹೋದೆ. ಕೊಟ್ಟದ್ದನ್ನೆಲ್ಲ ಹಿಂತೆಗೆದೆ.
ಈ ಹೆಸರಿಗೆ, ಈ ಕೋಣೆಯಿಂದ, ಈ ಮೂರು ಪಟ್ಟಿಗಳಲ್ಲಿ
ಓದು, ಸೇರಿಸು, ತಿದ್ದು.
ಅಳಿಸು ಎಂಬುದನ್ನು ಕೊಡಲಿಲ್ಲ. ನನಗೂ.

ಬೆಳಿಗ್ಗೆ ತಾತನ ಎದುರೇ ಮೊದಲ ಸಾಲು ತುಂಬಿದೆ.
ಉಳಿಸು ಎಂದೆ. ಉಳಿಯಿತು.
ಪುಟ ತೆರೆದರೆ, ಅವನ ಹೆಸರಿನ ಏಳು ಅಕ್ಷರಗಳಲ್ಲಿ
ಎರಡು ಪ್ರಶ್ನೆಚಿಹ್ನೆ.
ರಷ್ಯನ್ನರಿಗೂ ಇರುವ ಐದು ಸಲೀಸಾಗಿ ದಾಟಿದ್ದವು.
ಅವರಿಗಿಲ್ಲದ, ನಮಗಿರುವ ಎರಡನ್ನು
ಯಾರೋ ಗಡಿಯಲ್ಲೇ ಇಳಿಸಿದ್ದರು.

ತಾತ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿದ.
"ಕುರಿ ಎಷ್ಟು ಅಂತಿದೆ?"
"ಇನ್ನೂರ ನಲವತ್ತೊಂದು."
"ಸರಿ ಇದೆ. ಹುಲ್ಲಿಗೆ ಓದೋಕೆ ಬರಲ್ಲ."
ಚೀಟಿ ಮಡಚಿ ಬೂಟಿನೊಳಗೆ ಇಟ್ಟುಕೊಂಡ,
ಬಾಗಿಲ ತನಕ ಹೋಗಿ ತಿರುಗಿದ:
"ಆ ಎರಡನ್ನೂ ಒಳಗೆ ಕರಕೋ, ಮಗಳೇ.
ರಾತ್ರಿ ಚಳಿ."