ಎಂಬತ್ತೈದು

ಹಾಸನದ ಆಲೂಗಡ್ಡೆ ಮಂಡಿಯ ಮೇಲಿನ ಮಹಡಿ ನನ್ನ ಸ್ಟುಡಿಯೋ.
ಮಣ್ಣಿನ ಥಂಡಿ ಮೆಟ್ಟಿಲು ಹತ್ತಿ ಬರುತ್ತದೆ.
ಬೂಷ್ಟು ಹಿಡಿಯಬಾರದೆಂದು ಲೆನ್ಸುಗಳು ಬಿಸ್ಕತ್ ಡಬ್ಬಿಯಲ್ಲಿ.
ಮೂರೇ ಮೂರು.
ಐವತ್ತು: ಬಾಣಾವರದ ರೆಹಮತ್ತು
ಸ್ಟುಡಿಯೋ ಮುಚ್ಚಿ ಕೋಳಿ ಅಂಗಡಿ ಇಟ್ಟಾಗ ಕೊಟ್ಟದ್ದು,
ಉಂಗುರದ ಮೇಲೆ ಇನ್ನೂ ಅವನ ಹೆಬ್ಬೆರಳಿನ ಸವಕಳಿ.
ಮೂವತ್ತೈದು: ಕೈಜಾರಿ ಬಿದ್ದು ಮೂತಿ ಸೊಟ್ಟಗಾದದ್ದು,
ಊಟದ ಪಂಕ್ತಿಗೆ ಮಾತ್ರ.
ಎಂಬತ್ತೈದು: ಹನ್ನೆರಡು ಕಂತು. ಇನ್ನೂ ನಾಲ್ಕು ಬಾಕಿ.

ಎಂಬತ್ತೈದರ ಗುಣವೇ ಬೇರೆ.
ಮುಖಕ್ಕೆ ಮರ್ಯಾದೆ ಕೊಡುವಷ್ಟು ದೂರ ನಿಲ್ಲುತ್ತದೆ.
ಮೂಗನ್ನು ಮುಂದೆ ತಳ್ಳುವುದಿಲ್ಲ,
ಒಂದು ರೆಪ್ಪೆಯನ್ನು ಹಿಡಿದುಕೊಂಡು
ಉಳಿದ ಲೋಕದ ಕೈ ಬಿಡುತ್ತದೆ.
ನಮ್ಮ ಕಸುಬಿನವರು ಅದಕ್ಕೆ ಬೆಣ್ಣೆ ಅನ್ನುತ್ತಾರೆ:
ಪ್ಲಾಸ್ಟಿಕ್ ಕುರ್ಚಿ, ಸೀರಿಯಲ್ ಸೆಟ್ಟು,
ಗೋಡೆಯ ಮೇಲಿನ ಗೊಬ್ಬರದಂಗಡಿ ಕ್ಯಾಲೆಂಡರು
ಎಲ್ಲ ಕರಗಿ ಬೆಣ್ಣೆ.

ದುದ್ದದ ಆ ನಿಶ್ಚಿತಾರ್ಥ ಮನೆಯ ನಡುಕೋಣೆಯಲ್ಲಿ.
ಹತ್ತಡಿ ಅಗಲ, ಎರಡೂ ಕಡೆಯ ನೆಂಟರು.
ಹಿಂದೆ ಹೋದೆ, ಇನ್ನೂ ಹಿಂದೆ, ಬಾಗಿಲು ದಾಟಿದೆ,
ಕಾಫಿ ಪಾತ್ರೆ ತಾಗಿ ಬೆನ್ನು ಚುರ್ರೆಂದಿತು.
"ಫೋಟೋದವರೇ, ಶಾಸ್ತ್ರ ಇಲ್ಲಿ ನಡೀತಿದೆ ಕಣ್ರೀ" ಅಂದರು ಯಾರೋ.
ಅಡುಗೆಮನೆ ಹೊಸಿಲಿನಿಂದಲೇ ಹೊಡೆದೆ,
ವಿನುತಾಳ ಉಂಗುರದ ಬೆರಳು, ಬಗ್ಗಿದ ಕಣ್ಣು,
ಕಿವಿಯ ಹಿಂದೆ ತಪ್ಪಿಸಿಕೊಂಡ ಒಂದೆಳೆ ಕೂದಲು.
ಒಂದು ಪಾಯಿಂಟ್ ಎಂಟು. ಪೂರ್ತಿ ತೆರೆದ ಕಿಂಡಿ.
ಜನ್ಮಕ್ಕೆ ಅಂಥವು ಹತ್ತೋ ಹದಿನೈದೋ.

ಆಲ್ಬಮ್ಮಿಗೆ ಆರಿಸಲು ಬಂದವಳು ಅಕ್ಕ.
ಆರಿಸಲು ಪ್ರತಿ ಮನೆಯಲ್ಲೂ ಒಬ್ಬರು ಬಿಡುವಾಗಿರುತ್ತಾರೆ.
ವನಮಾಲಾ, ಹಾಲಿನ ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು,
ಲೆಕ್ಕದ ಹಾಳೆ ತಿರುವಿದಂತೆ ತಿರುವುತ್ತ
ನಲವತ್ತೊಂದರಲ್ಲಿ ನಿಂತಳು.
ತಂಗಿಯ ಭುಜದ ಹಿಂದೆ ಸಾಸಿವೆ ಬಣ್ಣದ ಕಲೆ,
ಅದರ ನಡುವೆ ಹೊಳೆವ ಎರಡು ಉಂಡೆ.
"ಇದು ನಾನು, ಅಲ್ವಾ?"
ಎಳೆದು ದೊಡ್ಡದು ಮಾಡಿದೆ. ಮಾಡಿದಷ್ಟೂ ಸಾಸಿವೆ.
"ಆರತಿ ತಟ್ಟೆ ಹಿಡಿದಿದ್ದೆ. ಇವು ದೀಪ."
ನಲವತ್ತೆರಡು, ನಲವತ್ತಾರು, ಐವತ್ತು.
ಎಲ್ಲದರಲ್ಲೂ ಇದ್ದಳು. ಎಲ್ಲದರಲ್ಲೂ ಬೆಣ್ಣೆ.
ನಕ್ಕಳು: "ಚೆನ್ನಾಗಿ ಕರಗಿದೀನಿ ಬಿಡಿ,
ರಾತ್ರಿ ಊಟ ಬಿಟ್ರೂ ಇಷ್ಟು ಕರಗಿರಲಿಲ್ಲ."
ತಂಗಿಗಿಂತ ನಾಲ್ಕು ವರ್ಷ ದೊಡ್ಡವಳು ಅಂತ
ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.
ಕೆಳಗೆ ಮಂಡಿಯಲ್ಲಿ ಯಾರೋ ತೂಕ ಕೂಗುತ್ತಿದ್ದರು.
ಐವತ್ತನ್ನು ಮೊದಲ ಪುಟಕ್ಕೆ ಅವಳೇ ಗುರುತು ಹಾಕಿದಳು.

ಮದುವೆಯ ಹಿಂದಿನ ರಾತ್ರಿ ಡಬ್ಬಿ ತೆರೆದು ಕೂತೆ.
ಎಂಬತ್ತೈದನ್ನು ಒರೆಸಿ ಅಲ್ಲೇ ಇಟ್ಟೆ.
ಕಂತು ನೆನಪಾಗಿ ಮತ್ತೆ ಎತ್ತಿ ಚೀಲಕ್ಕೆ ಹಾಕಿದೆ.
"ಧರಣೇಂದ್ರಣ್ಣ, ಮುಹೂರ್ತಕ್ಕೂ ಸೊಟ್ಟಮೂತೀನಾ?"
ಶಫಿಗೆ ಹೂಂ ಅಂದೆ.

ಛತ್ರ. ಮೂವತ್ತೈದು. ಕಿಂಡಿ ಎಂಟಕ್ಕೆ.
ಎಲ್ಲ ಬಂತು:
ವರನ ಚಿಕ್ಕಪ್ಪನ ಆಕಳಿಕೆ, ಫ್ಯಾನಿಗೆ ಸಿಕ್ಕ ಬಲೂನಿನ ದಾರ,
ಲೋಟ ಎಣಿಸುವ ಅಡುಗೆಯವನು,
ಮೂರನೇ ಸಾಲಿನಲ್ಲಿ ಹಲ್ಲುಸೆಟ್ಟು ಸರಿಮಾಡಿಕೊಳ್ಳುವ ಅಜ್ಜಿ.
ಒಬ್ಬರೂ ಕರಗಲಿಲ್ಲ.
ಅವಳೊಬ್ಬಳು ಎಲ್ಲೂ ಇಲ್ಲ.
ಕಂಬದ ಹಿಂದೆ, ಹಸೆಯ ಪಕ್ಕ, ಉಡುಗೊರೆ ಬರೆಯುವ ಮೇಜಿನ ಹತ್ತಿರ.

"ಬಲಗಡೆ ನೋಡಿ, ಅಪ್ಪ ಈಗ ಶುರುಮಾಡ್ತಾರೆ."
ಕಿವಿಯ ಪಕ್ಕವೇ ದನಿ.
ಶಫಿ ಊಟಕ್ಕೆ ಹೋಗಿದ್ದ. ಲೈಟಿನ ಕೋಲು ಅವಳ ಕೈಯಲ್ಲಿ,
ಎತ್ತಿದ ತೋಳು ಸಣ್ಣಗೆ ನಡುಗುತ್ತಿತ್ತು,
ಬೆಳಕು ಮಾತ್ರ ತಂಗಿಯ ಕೆನ್ನೆಯ ಮೇಲೆ
ನಾನು ಹೇಳಿಕೊಟ್ಟರೂ ಬೀಳದಷ್ಟು ಸರಿಯಾಗಿ.

ತಿರುಗಿದೆ. ನಡುವೆ ಒಂದಡಿಯೂ ಇಲ್ಲ.
ಕೊರಳಿನ ಎರಡನೇ ಕ್ಯಾಮೆರಾದಲ್ಲಿ ಎಂಬತ್ತೈದು ಕಾದಿತ್ತು.
ಎರಡೂವರೆ ಅಡಿಗಿಂತ ಹತ್ತಿರದ್ದು ಅದಕ್ಕೆ ಕಾಣುವುದಿಲ್ಲ.
ಗುಂಡಿ ಒತ್ತಿದರೆ ಗರ್ರೆಂದು
ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತಡಕಾಡುತ್ತದೆ.
ಹಿಂದೆ ಸರಿಯಲು ಜಾಗವಿರಲಿಲ್ಲ, ಅಕ್ಷತೆಗೆ ಜನ ಎದ್ದಿದ್ದರು.

"ನನ್ನೇನ್ ನೋಡ್ತೀರಿ, ಅಲ್ಲಿ ಅಳ್ತಿದಾರೆ" ಅಂದಳು.

ಹೊಡೆದೆ,
ಅವರಪ್ಪನನ್ನು.