ಹದಿನಾಲ್ಕು ಸುತ್ತು

ಹೆಗಲ ಮ್ಯಾಲ ನಾಲ್ಕು ಫೂಟಿನ ಚಾವಿ ಹೊತ್ತು
ನಸಿಕಿನ್ಯಾಗ ಹೆಗ್ಗೇರಿ ಓಣಿಗೆ ಹೋಗ್ತೀನಿ.
ಹಿಂದೊಂದು ನಾಯಿ.
ಮುಂದ ಮಂದಿ ಇಲ್ಲ, ಕೊಡಾನ ಪಾಳಿ ಹಚ್ಚಿರ್ತಾವ.
ಎಂಟು ದಿನಕ್ಕೊಮ್ಮೆ ನೀರು ಬಿಡಾವ ನಾನು,
ದಿನಾ ಬೈಸಿಕೊಳ್ಳಾವನೂ ನಾನ.

ಹದಿನಾಲ್ಕು ಸುತ್ತು ತಿರುವಿದ್ರ
ನೆಲದೊಳಗ ಮೊದಲು ಗಾಳಿ ಕೆಮ್ಮತೈತಿ,
ಆಮ್ಯಾಲ ನೀರು.

ಫಕೀರವ್ವನ ಬಾಯಿ ಒಣಗಾಕ ಹತ್ತಿದ್ದು
ಹ್ವಾದ ವರ್ಷ ಶೀಗಿ ಹುಣ್ಣಿವಿ ಮುಂದ.
ನನ್ನ ಹೆಸರಂತೂ ಹೇಳಾಕಿ ಅಲ್ಲ;
ಅವತ್ತು ನಾಲಿಗಿ ಅಂಗುಳಕ್ಕ ಅಂಟಿ
"ಕೇಳ್ರಿಲ್ಲೆ" ಅನ್ನಾಕೂ ಬರಲಿಲ್ಲ.
ದಿನಾ ಇನ್ನೂರು ರೊಟ್ಟಿ ಬಡದು ಖಾನಾವಳಿಗೆ ಕೊಡಾಕಿ
ತಾ ಬಡದ ಖಡಕ್ ರೊಟ್ಟಿ ತಾನ ನುಂಗಲಾರದ
ತುತ್ತಿಗೊಂದು ಗುಟುಕು ನೀರು ಕುಡದ್ಲು.
ಗದಗಿನ್ಯಾಗ ಅಕ್ಕ ತೀರಿಕೊಂಡಾಗ
ಕಣ್ಣಾಗ ಒಂದ ಹನಿ ಇಲ್ಲ.
ಮಂದಿ ಅದನ್ನ ಎಣಿಸಿದ್ರು.

ಕಿಮ್ಸಿನ್ಯಾಗ ರೆಪ್ಪಿಗೆ ಕಾಗದದ ಪಟ್ಟಿ ಸಿಗಿಸಿ
ಐದು ಮಿನಿಟು ಕುಂದರಿಸಿದ್ರು.
ತೊಯ್ದದ್ದು ಮೂರು ಮಿಲಿಮೀಟರು.
ಕೆಳದುಟಿ ಒಳಗಿಂದ ಜ್ವಾಳದ ಕಾಳಿನಷ್ಟು ತಗದು
ಶೀಸೆದಾಗ ಹಾಕಿದ್ರು.

ನದಾಫ ಡಾಕ್ಟರಮ್ಮ ಚೀಟಿ ಹಿಂದ ಗೆರಿ ಎಳದು ಹೇಳಿದ್ಲು:
"ಜೊಲ್ಲಿನ ಗ್ರಂಥಿ ಅಂದ್ರ ದ್ರಾಕ್ಷಿ ಗೊಂಚಲು ಅನ್ಕೊಳ್ರಿ.
ಹಣ್ಣು ಹಣ್ಣಿಗೂ ಹೊರಮೈ ಮ್ಯಾಲ ಕೀಲಿ.
ಬಾಯಿಗೆ ತುತ್ತು ಬಂತಂದ್ರ ನರದ ತುದಿಯಿಂದ ಚಾವಿ ಬರತೈತಿ.
ತಿರುವಿದ ಕೂಡಲೇ ಒಳಗ ಕ್ಯಾಲ್ಸಿಯಂ ಎದ್ದು ಓಡತೈತಿ,
ನೀರಿನ ಬಾಗಿಲು ಗೋಡಿಗೆ ಬಂದು ತೆರೀತಾವ.
ಈಕಿಗೆ ಚಾವಿ ಬರಾಕತ್ತೈತ್ರಿ.
ಕೀಲಿ ತೂತಿನ್ಯಾಗ ಮೊದಲ ಏನೋ ಕುಂತೈತಿ."

ಯಾರು ತಂದು ಇಟ್ರು, ಅಂದೆ.

"ಈಕಿ ರಕ್ತಾನ. ಪ್ರತಿಕಾಯ ಅಂತೀವಿ.
ರೋಗ ಬರಬಾರದಂತ ಇಟ್ಟ ಕಾವಲಿನವರು."

ನಾ ಸುಮ್ಮನ ಕುಂತೆ.
ಒಂದು ಬ್ಯಾಸಿಗ್ಯಾಗ ನನ್ನ ವಾಲಿನ ಗುಂಡಿಗೆ
ಯಾರೋ ಸಿಮೆಂಟು ಸುರಿದಿದ್ರು.
ಗುಡ್ಡದ ಮ್ಯಾಲ ಟಾಕಿ ತುಂಬಿತ್ತು,
ಪೈಪು ಗಟ್ಟಿ, ಚಾವಿ ನನ್ನ ಕೈಯಾಗ,
ಓಣಿ ಬಣ ಬಣ.
ಕಡೀಕ ಸಿಕ್ಕಾವ ನಮ್ಮ ವಾಚಮನ್ನ ಬೂದೆಪ್ಪ.
"ಕಳ್ಳರು ತಿರುವ್ಯಾರಂತ ಮುಚ್ಚಿದ್ನಿ, ಸಾಹೇಬ್ರ" ಅಂದು
ಅತ್ತುಬಿಟ್ಟ.
ಹೊಡಿಯಾಕ ಎತ್ತಿದ ಕೈ ಎಲ್ಲಿ ಇಡಬೇಕಂತ
ತಿಳೀಲಿಲ್ಲ ನಮಗ.

"ಅಷ್ಟ ಅಲ್ರಿ," ಅಂದ್ಲು ಡಾಕ್ಟರಮ್ಮ,
"ಕೆಲವು ಕೀಲಿ ಒಳಗ ಜಗ್ಗಿಕೊಂಡು ಹೋಗಿರಬಹುದು,
ಕೆಲವು ಗ್ರಂಥಿ ಸುಟ್ಟಿರಬಹುದು.
ಪೂರಾ ನಮಗೂ ಗೊತ್ತಿಲ್ಲ."
ಗೊತ್ತಿಲ್ಲ ಅಂದ ಆ ಮಾತಿಗೆ
ಆಕಿ ಮ್ಯಾಲ ನಂಬಿಕಿ ಬಂತು.

ಗುಳಿಗಿ ಕೊಟ್ಟಾಳ. ಅದೂ ಚಾವಿನ ಅಂತ,
ಉಳದ ಕೀಲಿ ಹುಡುಕಿ ತಿರುವತೈತಂತ.
ನುಂಗಿದ ಅರ್ಧ ತಾಸಿಗೆ
ಫಕೀರವ್ವನ ಬೆನ್ನು, ಹಣಿ, ಕುತ್ತಿಗಿ ಬೆವತು ತೊಪ್ಪಡಿ.
ನೀರು ಬ್ಯಾರೆ ಓಣಿಗೆ ಹೋತು, ಅಂದೆ.
ನಕ್ಕಳು. ತುಟಿ ಸೀಳಿ ರಕ್ತ ಬಂತು.

ಇವತ್ತು ನಮ್ಮ ಓಣಿ ಪಾಳಿ.
ವಾಲು ತಿರುವಿ ಬಂದು ಹೊಸ್ತಿಲದಾಗ ಕುಂತೀನಿ.
ಆಕಿ ಒಂದು ಚೂರು ರೊಟ್ಟಿ ಬಾಯಾಗಿಟ್ಟು,
ತಂಬಿಗಿ ದೂರ ಸರಿಸಿ,
ಕಣ್ಣು ಮುಚ್ಚಿ ಕಾಯಾಕತ್ಯಾಳ.
ನಾ ಆಕಿ ಗಂಟಲ ನೋಡತೀನಿ.
ಮೊದಲು ಗಾಳಿ ಕೆಮ್ಮತೈತಲ್ಲ.

ಕಣ್ಣು ತೆಗದು, ರೊಟ್ಟಿ ದವಡಿಗೆ ಸರಿಸಿ,
"ಏನ್ ಹಂಗ ನೋಡತೀರಿ?
ನಳಾ ಬಂತು, ಕೊಡಾ ಇಡ್ರಿ" ಅಂದ್ಲು.